ಕೊಳವೆಯೊಳಗಿನ ಮನೆ

೯ ಸೆಪ್ಟೆಂಬರ್ ೧೯೫೨

ಇವತ್ತು ಗಾಳೆಪ್ಪ ಮತ್ತೆ ವಿಮಾನದ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟಿದ್ದ. ತೆಗೆದು ಬಯಲಿಗೆ ಎಸೆದೆ. ಎತ್ತು ಹೊಡೆಯುವವನಿಗೆ ಎತ್ತಿನ ಬುದ್ಧಿಯೇ ಇರಬೇಕೆಂದು ಸರ್ಕಾರದ ಕಾನೂನಿಲ್ಲ ಎಂದು ಬೈದೆ. ಅವನು ಹಲ್ಲು ಕಿರಿದು, "ಪಾಪ, ನಿಂಬಿಹಣ್ಣು ನಿಮಗೇನ್ ಮಾಡೇತ್ರಿ ಕಲ್ಲಣ್ಣಾರ? ಇದ್ರ ಇರಲೇಳ್ರಿ" ಎಂದ.

ಇಂಥದ್ದು ಕಂಡರೆ ನನಗೆ ಮೈ ಉರಿಯುತ್ತದೆ. ಯುದ್ಧದ ಕಾಲದಲ್ಲಿ ಪುಣೆಯ ವಿಮಾನ ನಿಲ್ದಾಣದಲ್ಲಿ ಬಾವುಟ ಹಿಡಿದವನು ನಾನು. ಅಲ್ಲಿ ಯಾರೂ ನಿಂಬೆಹಣ್ಣು ಇಡುತ್ತಿರಲಿಲ್ಲ, ವಿಮಾನಗಳು ಏಳುತ್ತಿದ್ದವು. ಯುದ್ಧ ಮುಗಿದ ಮೇಲೆ ಬೆಟಗೇರಿಗೆ ಬಂದು ಅಪ್ಪನ ಮಗ್ಗಕ್ಕೆ ಕೂತೆ. ಇನ್ನು ವಿಮಾನದ ಮುಖ ಕಾಣುವುದಿಲ್ಲ ಅಂದುಕೊಂಡಿದ್ದರೆ, ಈ ವರ್ಷ ವಿಮಾನವೇ ನನ್ನನ್ನು ಹುಡುಕಿಕೊಂಡು ಬಂತು.

ಮುಂಬೈಯ ಕಂಪನಿಯವರು ಯುದ್ಧದ ಹಳೆಯ ವಿಮಾನ ಕೊಂಡು, ಹೊಟ್ಟೆ ಅಗಲಿಸಿ, ಬಾಲದ ಕೆಳಗೆ ದೊಡ್ಡ ಬಾಗಿಲು ಇಟ್ಟಿದ್ದಾರೆ. ಎತ್ತಿನ ಚಕ್ಕಡಿಯನ್ನು ಹಿಂದಕ್ಕೆ ಒತ್ತಿ ಆ ಬಾಗಿಲಿಗೇ ಹಚ್ಚಬಹುದು. ಬೆಟಗೇರಿಯ ಸೀರೆ, ಲಕ್ಷ್ಮೇಶ್ವರದ ಹತ್ತಿ, ಒಣಮೆಣಸಿನಕಾಯಿ ಬೆಳಿಗ್ಗೆ ತುಂಬಿದರೆ ಮಧ್ಯಾಹ್ನಕ್ಕೆ ಮುಂಬೈ. ಹಾಗೆಂದು ಅವರ ಆಸೆ. ಬರುವಾಗ ಖಾಲಿ ಹೊಟ್ಟೆಯಲ್ಲಿ ಹಾರಿಬಂತು. ಭಾರ ಹೊತ್ತು ಏಳುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅದನ್ನು ನೋಡಲೆಂದೇ ಮುಂಡರಗಿ ರಸ್ತೆಯ ಈ ಕಲ್ಲುಮಣ್ಣಿನ ಗರಸು ಬಯಲಿನಲ್ಲಿ ಇಟ್ಟುಕೊಂಡು ಕೂತಿದ್ದಾರೆ. ಗಾಳೆಪ್ಪ ಅದಕ್ಕೆ ಗಬ್ಬದ ಎಮ್ಮಿ ಎಂದು ಹೆಸರಿಟ್ಟಿದ್ದಾನೆ. ಈಗ ಅದನ್ನು ಹಾರಿಸುವ ಕ್ಯಾಪ್ಟನ್ ಸರದೇಸಾಯಿಯವರೂ ಹಾಗೇ ಕರೆಯುತ್ತಾರೆ.

ನೆಲದ ಮೇಲಿನ ಕೆಲಸಕ್ಕೆಲ್ಲ ನಾನು ಹಿರಿಯ. ಎತ್ತು ಹೂಡಿಸಿ ವಿಮಾನ ಎಳೆಸುವುದು, ಹಗ್ಗ ಕಟ್ಟಿಸುವುದು, ಭಾರ ತುಂಬಿಸುವುದು, ಸುತ್ತ ತಿರುಗಿ ಒಂದೊಂದನ್ನೂ ಕೈಮುಟ್ಟಿ ನೋಡುವುದು. ಎಂಜಿನ್ ಮಾತ್ರ ನಜೀರಸಾಬರ ಪಾಲು. ಕ್ಯಾಪ್ಟನ್ ಮೇಲಿನ ಕಿಟಕಿಯಿಂದ ತಲೆ ಹಾಕಿ "ಎಲ್ಲಾ ಸರಿ?" ಎಂದು ಕೇಳುತ್ತಾರೆ. "ಎಲ್ಲಾ ಸರಿ ಐತ್ರಿ" ಎಂದು ನಾನು ಹೇಳದೆ ಅವರು ಗಾಲಿ ಅಲ್ಲಾಡಿಸುವುದಿಲ್ಲ. ಈ ಮಾತು ಹೇಳುವಾಗ ನನಗೆ ಸ್ವಲ್ಪ ಜಂಬ ಬರುತ್ತದೆ. ಬರಲಿ.

ಸದ್ಯ ಒಂದು ಎಂಜಿನ್ ಕೆಟ್ಟು ಕೂತಿದೆ. ಮುಂಬೈಯಿಂದ ಸಾಮಾನು ಬರಬೇಕು. ಅದರ ಮೇಲೆ ಮೊನ್ನೆಯ ಮಳೆಗಾಳಿಗೆ ಗಾಳಿ ಕೊಳವೆಯ ಕೆಂಪು ಗವಸು ಹಾರಿಹೋಗಿದೆ. ಎಡ ರೆಕ್ಕೆಯ ಕೆಳಗೆ ಮುಂದಕ್ಕೆ ಚಾಚಿದ ಬೆರಳುಗಾತ್ರದ ಕೊಳವೆ ಅದು. ಎದುರುಗಾಳಿ ಅದರೊಳಗೆ ಹೊಕ್ಕರೆ ಮಾತ್ರ ಕ್ಯಾಪ್ಟನ್ ಮುಂದಿನ ಮುಳ್ಳು ವೇಗ ತೋರಿಸುತ್ತದೆ. ವೇಗ ತಿಳಿಯದೆ ಭಾರದ ವಿಮಾನ ಎತ್ತಿದರೆ ಎತ್ತಿದಷ್ಟೇ ಬೇಗ ಕೆಳಗೆ ಬರುತ್ತದೆ. ಹೊಸ ಗವಸಿಗೆ ಮುಂಬೈಗೆ ಬರೆದು ಹಾಕಿದ್ದೇನೆ.

ಹೆಂಡತಿ ದ್ರಾಕ್ಷಾಯಣಿಗೆ ಎಂಟು ತಿಂಗಳು ತುಂಬಿತು. ಮೊದಲಿನ ಎರಡು ಕೂಸೂ ಉಳಿಯಲಿಲ್ಲ. ಇದನ್ನು ಇಲ್ಲಿ ಬರೆಯಬಾರದು ಎಂದಿದ್ದೆ, ಬರೆದುಬಿಟ್ಟೆ.

೧೨ ಸೆಪ್ಟೆಂಬರ್

ಮಳೆ. ಗರಸು ನೆಲವಾದ್ದರಿಂದ ಬದುಕಿದೆವು. ಅಂತೂರ ಬೆಂತೂರ ಕಡೆಯ ಕಪ್ಪು ಎರೆ ಹೊಲದಲ್ಲಿ ಇಳಿಸಿದ್ದರೆ ಗಾಲಿ ಹೂತು ಎಮ್ಮೆ ಅಲ್ಲೇ ಈಯುತ್ತಿತ್ತು.

ಮಧ್ಯಾಹ್ನ ರೆಕ್ಕೆಯ ಕೆಳಗೆ ಬುತ್ತಿ ಬಿಚ್ಚಿದಾಗ ಒಂದು ಕುಂಬಾರ ಹುಳ ಕೆಸರಿನ ಉಂಡೆ ಹೊತ್ತು ಬಂದು ಗಾಳಿ ಕೊಳವೆಯ ಬಾಯಲ್ಲಿ ಕೂತಿತು. ಮುಂಡಾಸ ಬೀಸಿ ಓಡಿಸಿದೆ. ಮತ್ತೆ ಬಂತು. ಕೊಳವೆಗೆ ಒಂದು ಅರಿವೆ ಸುತ್ತಬೇಕು ಅಂದುಕೊಂಡೆ. ಅಷ್ಟರಲ್ಲಿ ನಜೀರಸಾಬರು ಕರೆದರು.

೧೬ ಸೆಪ್ಟೆಂಬರ್

ಮನೆಗೆ ಬಂದರೆ ಅಡುಗೆಯಿಲ್ಲ, ದೀಪವಿಲ್ಲ. ಅವ್ವ ಹಿತ್ತಲಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಳೆ. ದ್ರಾಕ್ಷಾಯಣಿ ಮಗ್ಗದ ಕೋಣೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿಕೊಂಡಿದ್ದಾಳೆ. ಈ ಸಲವೂ ಕೂಸು ಹೋಯಿತು ಎಂದೇ ತಿಳಿದೆ.

ಅದಲ್ಲ. ಮಹಾನವಮಿಗೆಂದು ಅವ್ವ ಸುಣ್ಣ ಹಚ್ಚುತ್ತಿದ್ದವಳು ಬಾಗಿಲ ಮೇಲಿನ ಕುಂಬಾರ ಹುಳದ ಗೂಡಿಗೆ ಪೊರಕೆ ತಾಗಿಸಿದ್ದಾಳೆ. ಗೂಡು ಬಿದ್ದು ಪುಡಿಯಾಗಿದೆ. ಈ ಹುಳ ಮನೆಯೊಳಗೆ ಮಣ್ಣಿನ ಗೂಡು ಕಟ್ಟಿದರೆ ಆ ಮನೆಯಲ್ಲಿ ಕೂಸು ನಿಲ್ಲುತ್ತದೆ, ಗೂಡನ್ನು ಕೆಡವಬಾರದು ಎಂದು ನಮ್ಮ ಓಣಿಯ ಹೆಂಗಸರೆಲ್ಲ ನಂಬುತ್ತಾರೆ. ದ್ರಾಕ್ಷಾಯಣಿ ನಾಲ್ಕು ತಿಂಗಳಿಂದ ದಿನಾ ಬೆಳಿಗ್ಗೆ ಎದ್ದು ಮೊದಲು ಅದರ ಮುಖ ನೋಡುತ್ತಿದ್ದಳು. ನಾನು ನಗುತ್ತಿದ್ದೆ.

"ನನ್ನ ಕೈ ಕಡದು ಹೋಗಲಿ. ಕಣ್ಣು ಮಂಜಾಗ್ಯಾವೋ ತಮ್ಮಾ, ಕಾಣಲಿಲ್ಲ" ಎಂದು ಅವ್ವ ಅತ್ತಳು.

"ಮಣ್ಣಿನ ಹೆಂಟಿ ಬಿದ್ರ ಏನಾಗತೈತಿ? ಹುಚ್ಚಿ ಅದಿ ಏನ?" ಎಂದು ದ್ರಾಕ್ಷಾಯಣಿಗೆ ಗದರಿದೆ. ಅವಳು ತಿರುಗಿ ನೋಡಲಿಲ್ಲ. ಗದರಬಾರದಿತ್ತು.

೧೮ ಸೆಪ್ಟೆಂಬರ್

ಎರಡು ದಿನದಿಂದ ಅವಳು ಏನೂ ತಿನ್ನುತ್ತಿಲ್ಲ. ಸೂಲಗಿತ್ತಿ ರಮಜಾನಬಿ ಬಂದು ಹೊಟ್ಟೆ ಮುಟ್ಟಿ ನೋಡಿ, "ಕೂಸು ಆಡತೈತಿ. ತಾಯಿ ಉಣ್ಣಲಿಲ್ಲಂದ್ರ ಅದು ಎಷ್ಟ ದಿನಾ ಆಡೀತು?" ಎಂದು ನನ್ನ ಕಡೆ ಕಣ್ಣು ಬಿಟ್ಟಳು. ತಪ್ಪು ನನ್ನದೇ ಎನ್ನುವ ಹಾಗೆ.

ತಾಟಿನ ಮುಂದೆ ಕೂತ ದ್ರಾಕ್ಷಾಯಣಿ ರೊಟ್ಟಿ ಮುರಿಯುತ್ತಾಳೆ, ಇಡುತ್ತಾಳೆ. ನನಗೆ ತಡೆಯಲಾಗಲಿಲ್ಲ. "ನಮ್ಮ ವಿಮಾನದಾಗೂ ಒಂದು ಹುಳ ಮನಿ ಕಟ್ಟಾಕತ್ತೈತಿ" ಎಂದೆ.

"ಸುಳ್ಳ ಹೇಳಬ್ಯಾಡ್ರಿ."

"ಖರೇನ. ಗಾಳಿ ಕೊಳವ್ಯಾಗ. ಆರ್ ದಿನಾ ಆತು ನೋಡಾಕತ್ತೇನಿ. ಅಲ್ಲಿ ಯಾರ ಪೊರಕಿನೂ ಮುಟ್ಟಂಗಿಲ್ಲ."

ಅವಳು ತಾಟಿನಿಂದ ತಲೆ ಎತ್ತಿದಳು. "ನೀವು ಕಾಯ್ತೀರೇನು?" ಎಂದಳು. ಕಾಯುತ್ತೇನೆ ಎಂದೆ. ಆಮೇಲೆ ಉಂಡಳು, ಅವ್ವ ಎರಡನೆಯ ರೊಟ್ಟಿಯನ್ನೂ ಹಾಕಿದಳು.

ಏನೂ ಕೇಡಿಲ್ಲ. ಎಂಜಿನ್ನಿನ ಸಾಮಾನು ಬರುವ ತನಕ ವಿಮಾನ ಹಾರುವುದಿಲ್ಲ. ಹಾರುವ ಮೊದಲು ಒಂದು ತಂತಿ ಹಾಕಿ ಕೆರೆದರೆ ಮುಗಿಯಿತು. ಅವಳಿಗೆ ಹೇಳಬೇಕಾದ್ದೂ ಇಲ್ಲ.

೧೯ ಸೆಪ್ಟೆಂಬರ್

"ಐತೇನ್ರಿ?" ಎಂದು ಬಾಗಿಲಲ್ಲೇ ಕೇಳಿದಳು. ಇದೆ ಎಂದೆ. ಅವಳ ಮುಖದಲ್ಲಿ ಮೊದಲಿನ ಕಳೆ ಬಂದಿದೆ.

೨೩ ಸೆಪ್ಟೆಂಬರ್

ಹುಳ ಕೊಳವೆಯ ಬಾಯನ್ನು ಪೂರಾ ಮುಚ್ಚಿದೆ. ಒಳಗೆ ಹಸಿರು ಹುಳುಗಳನ್ನು ಹೊತ್ತು ತುಂಬಿಸಿದ್ದನ್ನು ನಾನೇ ನೋಡಿದ್ದೇನೆ. ಮರಿಗೆ ಬುತ್ತಿ. ಆಮೇಲೆ ಮಣ್ಣು ಮೆತ್ತಿ, ತಲೆಯಿಂದ ಒತ್ತಿ ನುಣುಪು ಮಾಡಿತು. ಎಷ್ಟು ಅಚ್ಚುಕಟ್ಟು! ನಮ್ಮ ಓಣಿಯ ಗೌಂಡಿಗಳು ಬಂದು ನೋಡಬೇಕು.

ಬಯಲು ಗುಡಿಸುವ ಬೀರವ್ವ ನೀರಿನ ಪೀಪಾಯಿಯ ಹತ್ತಿರದ ಕೆಸರಿಗೆ ಮಣ್ಣು ಮುಚ್ಚಲು ಹೊರಟಿದ್ದಳು. ಹುಳ ಮಣ್ಣು ಒಯ್ಯುವುದು ಅಲ್ಲಿಂದಲೇ. ಬೇಡ ಎಂದೆ. "ಕಾಲು ಜಾರತಾವ್ರಿ ಯಪ್ಪಾ" ಎಂದಳು. ಜಾರಿದರೆ ನೋಡಿಕೊಂಡು ನಡೆಯಿರಿ ಎಂದು ರೇಗಿದೆ. ಇದೆಲ್ಲ ದ್ರಾಕ್ಷಾಯಣಿಗಾಗಿ, ಅಷ್ಟೇ.

ಕ್ಯಾಪ್ಟನ್ ಗವಸು ಬಂತೇ ಎಂದು ಕೇಳಿದರು. ಮತ್ತೆ ಬರೆಯುತ್ತೇನೆ ಎಂದೆ. ಅವರು ಬೆಳಗಾವಿ ಕಡೆಯವರು, ಮನುಷ್ಯ ದಿಲದಾರ. ಕೈಯಲ್ಲಿ ಚಹಾ ಹಿಡಿದು ಪೂರ್ವದ ಕಡೆ ತೋರಿಸಿ ನಗುತ್ತಿದ್ದರು. "ಇಲ್ಲಿಂದ ಎದ್ದು ಒಂದು ಸುತ್ತ ಹೊಡದ್ರ ಮೂರು ಸರ್ಕಾರ ಆಗತಾವ ನೋಡ ಕಲ್ಲಣ್ಣ. ಇತ್ತ ಮುಂಬೈ, ಅತ್ತ ಹೈದರಾಬಾದ, ಹೊಳಿ ದಾಟಿದ್ರ ಮದ್ರಾಸ. ಕೆಳಗ ಹೊಲದಾಗಿನ ಮಂದಿ ಬಯ್ಯೂದು ಮಾತ್ರ ಎಲ್ಲಾ ಕಡಿ ಕನ್ನಡದಾಗ."

"ಹಂಗಾರ ಗೆರಿ ಅಳಿಸಿಬಿಡ್ರಿ ಮ್ಯಾಲಿಂದ" ಎಂದ ಗಾಳೆಪ್ಪ. ಅವನು ಗದಗಿನ ಏಕೀಕರಣದ ಸಭೆಗಳಿಗೆ ಎತ್ತು ಬಿಟ್ಟು ಓಡುವ ಆಸಾಮಿ.

೨೭ ಸೆಪ್ಟೆಂಬರ್

ಆಯುಧಪೂಜೆ. ವಿಮಾನದ ಮೂತಿಗೆ ಕುಂಕುಮ, ಗಾಲಿಗೆ ಬಾಳೆ ಕಂದು, ಎತ್ತಿನ ಕೋಡಿಗೆ ಎಮ್ಮೆಗಿಂತ ಹೆಚ್ಚು ಶೃಂಗಾರ. ತೆಂಗಿನಕಾಯಿ ನಾನೇ ಒಡೆದೆ. ಯಾರಾದರೂ ಒಡೆಯಬೇಕಲ್ಲ. ಗಾಲಿಯ ಕೆಳಗೆ ನಿಂಬೆಹಣ್ಣು ಇತ್ತು, ತೆಗೆಯಲಿಲ್ಲ. ಬೇರೆ ಕೆಲಸ ಇತ್ತು.

ಮನೆಗೆ ಹೋದಾಗ ದ್ರಾಕ್ಷಾಯಣಿ ರಾಟೆಯ ಮುಂದೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಇವತ್ತು ಕೇಳಲು ಮರೆತಳು. ನಾನೇ ಹೇಳಿದೆ, ಗೂಡು ಭದ್ರ ಇದೆ ಎಂದು. "ಹೂಂ, ಛಲೋ ಆತು" ಎಂದು ದಾರ ಹರಿದದ್ದನ್ನು ಗಂಟು ಹಾಕತೊಡಗಿದಳು.

೧ ಅಕ್ಟೋಬರ್

ಸಾಮಾನು ಬಂತು. ನಜೀರಸಾಬರು ಬೆಳಗಿನಿಂದ ಎಂಜಿನ್ನಿನೊಳಗೇ ಇದ್ದು ಸಂಜೆ ಮಸಿಯಾಗಿ ಹೊರಬಂದರು. ಎಂಜಿನ್ ಗುಡುಗಿತು. ಎಲ್ಲರೂ ಕುಣಿದರು. ನಾನು ಮಾತ್ರ ಗಾಳಿ ಕೊಳವೆಯ ಕಡೆ ನೋಡಿದೆ.

ಗವಸು ಬರಲಿಲ್ಲ.

ಮುಂಬೈಯಿಂದ ಮ್ಯಾನೇಜರು ಬಂದಿದ್ದಾರೆ. ಬರುವ ವರ್ಷ ವಿಮಾನದ ಕಂಪನಿಗಳನ್ನೆಲ್ಲ ಸರ್ಕಾರವೇ ತೆಗೆದುಕೊಳ್ಳುತ್ತದೆಂದು ಸುದ್ದಿಯಂತೆ. ಅದಕ್ಕೆ ಮೊದಲು ಇದು ಭಾರ ಹೊತ್ತು ಹಾರಿದ್ದನ್ನು ವರ್ತಕರಿಗೆ ತೋರಿಸಬೇಕು. ಎಂಟನೆಯ ತಾರೀಖಿಗೆ ವರ್ತಕರು ಬರುತ್ತಾರೆ. ಅವತ್ತು ನೆಲದ ಮೇಲೆ ಜೋರಾಗಿ ಓಡಿಸಿ ತೋರಿಸುವುದು, ಮರುದಿನ ಹಾರಿಸುವುದು.

ಹಾಗಾದರೆ ಒಂಬತ್ತರ ತನಕ ಹಾರುವುದಿಲ್ಲ. ನೆಲದ ಮೇಲೆ ಓಡಲು ವೇಗದ ಮುಳ್ಳು ಬೇಕಾಗಿಲ್ಲ. ಎಂಟರ ಸಂಜೆ ಕೆರೆಯಬಹುದು.

೪ ಅಕ್ಟೋಬರ್

ನಿಧಾನವಾಗಿ ಓಡಿಸಿ ನೋಡಿದರು. "ಎಲ್ಲಾ ಸರಿ?" ಎಂದು ಕ್ಯಾಪ್ಟನ್ ಕೇಳಿದರು. "ಎಲ್ಲಾ ಸರಿ ಐತ್ರಿ" ಎಂದೆ. ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ, ಇವತ್ತು ಜಂಬ ಬರಲಿಲ್ಲ.

ಮಂದಿಯೆಲ್ಲ ಉಣ್ಣಲು ಹೋದ ಮೇಲೆ ಜೇಬಿನಲ್ಲಿ ತಂತಿ ಇಟ್ಟುಕೊಂಡು ಏಣಿ ಹತ್ತಿದೆ. ಕೊಳವೆಯ ಬಾಯಿಗೆ ತಂತಿ ಹಿಡಿದೆ. ಒಳಗೆ ಮರಿ ಎದ್ದಿರಬಹುದು, ಬುತ್ತಿ ತಿನ್ನುತ್ತಿರಬಹುದು ಎನ್ನಿಸಿತು. ಬೆಟಗೇರಿಯ ಕಡೆ ನೋಡಿದೆ. ಈ ಹೊತ್ತಿಗೆ ಕೆಡವಿದೆ, ಈ ಹೊತ್ತಿಗೇ ಅಲ್ಲಿ ಏನೋ ಆಯಿತು ಎಂದರೆ? ಮೂರ್ಖತನ. ಆದರೂ ಇನ್ನೂ ದಿನ ಇದೆಯಲ್ಲ ಎಂದು ಇಳಿದುಬಂದೆ.

ಕೆಳಗೆ ಗಾಳೆಪ್ಪ ಎತ್ತಿಗೆ ಮೇವು ಹಿಡಿದು ನಿಂತಿದ್ದ. ಅವನಿಗೆ ಗೂಡಿನ ವಿಷಯ ಗೊತ್ತಿದೆ. "ತಗದ್ರೇನ್ರಿ?" ಎಂದ.

"ನಾಳೆ ತಗೀತೀನಿ."

"ಬ್ಯಾಡಾಗಿದ್ರ ನಾ ತಗೀಲೇನು? ನಿಮ್ಮ ಮನ್ಯಾಗ ಹಿಂಗೈತಿ, ನೀವ ಕೈ ಹಚ್ಚೂದು..."

"ನೀ ಮುಟ್ಟಬ್ಯಾಡಲೇ! ಯಾರೂ ಮುಟ್ಟಬ್ಯಾಡ್ರಿ!" ಎಂದು ಕೂಗಿಬಿಟ್ಟೆ. ಎತ್ತುಗಳು ಬೆದರಿ ಒಂದು ಹೆಜ್ಜೆ ಹಿಂದೆ ಸರಿದವು. ಗಾಳೆಪ್ಪ ನಗಲಿಲ್ಲ. ಅವನು ನಗದೆ ನನ್ನನ್ನು ನೋಡಿದ್ದು ಇದೇ ಮೊದಲು.

೬ ಅಕ್ಟೋಬರ್

ದ್ರಾಕ್ಷಾಯಣಿಗೆ ಮುಂಜಾನೆ ಸೊಂಟ ಹಿಡಿದುಕೊಂಡಿತ್ತು, ಆಮೇಲೆ ಬಿಟ್ಟಿತು. ರಮಜಾನಬಿ ಇನ್ನೂ ಸಮಯವಿದೆ ಎನ್ನುತ್ತಾಳೆ. ಹೋದ ಸಲವೂ ಹೀಗೇ ಎಂದಿದ್ದಳು.

ಸಿಂಗಟಾಲೂರಿನ ಹೊಳೆಯಿಂದ ಮರಳು ಬಂತು. ಚೀಲಕ್ಕೆ ತುಂಬಿಸಿ ವಿಮಾನದ ಹೊಟ್ಟೆಗೆ ಏರಿಸುತ್ತಿದ್ದೇವೆ. ಸೀರೆ, ಮೆಣಸಿನಕಾಯಿಯ ಬದಲು ಸದ್ಯ ಇದೇ ಭಾರ. ಹಮಾಲರಿಗೆ ನಾನು ಇಂದು ಬೈದಷ್ಟು ಹಿಂದೆಂದೂ ಬೈದಿಲ್ಲ. ಒಬ್ಬ ಚೀಲ ಒಗೆದು ಹೊರಟೇಹೋದ. ಹಿಂದೆ ಹೋಗಿ ಕರೆದು ತರಬೇಕಾಯಿತು.

ದಾರಿಯಲ್ಲಿ ಬೆಕ್ಕು ಅಡ್ಡ ಬಂತೆಂದು ಸೈಕಲ್ ಇಳಿದು ನಿಂತೆ. ಚೈನು ಸಡಿಲಾಗಿತ್ತು, ಹೇಗೂ ನೋಡಬೇಕಾಗಿತ್ತು.

೭ ಅಕ್ಟೋಬರ್

ನಾಳೆ ಸಂಜೆ. ಖಂಡಿತ.

೮ ಅಕ್ಟೋಬರ್

ಅಕ್ಷರ ಸೊಟ್ಟ ಬಂದರೆ ಬರಲಿ.

ಬೆಳಿಗ್ಗೆ ಹೊರಡುವ ಹೊತ್ತಿಗೆ ದ್ರಾಕ್ಷಾಯಣಿಗೆ ಮತ್ತೆ ನೋವು ಬಂತು. ಓಡಿಹೋಗಿ ರಮಜಾನಬಿಯನ್ನು ಕರೆತಂದೆ. ಅವಳು ನನ್ನನ್ನು ಹೊರಗೆ ತಳ್ಳಿ, "ನೀವು ಇಲ್ಲಿ ನಿಂತ್ರ ಕೂಸು ಜಲ್ದಿ ಬರಂಗಿಲ್ಲ, ಕೆಲಸಕ್ಕ ನಡೀರಿ" ಎಂದಳು. ಬಾಗಿಲ ಸಂದಿಯಿಂದ ದ್ರಾಕ್ಷಾಯಣಿಯ ದನಿ ಕೇಳಿತು: "ಐತೇನ್ರಿ?" ಇದೆ ಎಂದೆ. ಸೈಕಲ್ ಹತ್ತಿ ತುಳಿದೆ.

ಬಯಲಿಗೆ ಹೋದಾಗ ತಡವಾಗಿತ್ತು. ವರ್ತಕರು ರುಮಾಲು ಸುತ್ತಿಕೊಂಡು ಸಾಲಾಗಿ ಕುರ್ಚಿಯಲ್ಲಿ ಕೂತಿದ್ದರು. ಮರಳಿನ ಚೀಲಗಳನ್ನು ತುಂಬಿಯಾಗಿತ್ತು, ಎಂಜಿನ್ ಎರಡೂ ತಿರುಗುತ್ತಿದ್ದವು, ಧೂಳಿಗೆ ಕಣ್ಣು ಬಿಡಲಾಗದು. ಕ್ಯಾಪ್ಟನ್ ಕಿಟಕಿಯಿಂದ ತಲೆ ಹಾಕಿದರು. ತುಟಿ ಆಡಿದ್ದು ಕಂಡಿತು. ಏನು ಕೇಳಿದರೆಂದು ಕೇಳಿಸಬೇಕಾಗಿಯೂ ಇಲ್ಲ. ನನ್ನ ಕೈ ತಾನಾಗಿಯೇ ಮೇಲೆದ್ದು, ಎಲ್ಲಾ ಸರಿ ಎಂದು ಹೆಬ್ಬೆರಳು ತೋರಿಸಿತು. ಗಾಲಿಯ ಮುಂದಿನ ಕಟ್ಟಿಗೆ ತುಂಡುಗಳನ್ನು ಎಳೆದರು. ವಿಮಾನ ಬಯಲಿನ ಆ ತುದಿಗೆ ಹೊರಟಿತು. ಅಲ್ಲಿ ತಿರುಗಿ, ನಮ್ಮ ಕಡೆ ಜೋರಾಗಿ ಓಡಿಬಂದು, ವರ್ತಕರ ಮುಂದೆ ನಿಲ್ಲಬೇಕು. ಹಾಗೆಂದು ಮಾತಾಗಿತ್ತು.

ಪಕ್ಕದಲ್ಲಿ ನಿಂತ ನಜೀರಸಾಬರು ಕೈ ಒರೆಸಿಕೊಳ್ಳುತ್ತ ನನ್ನ ಕಿವಿಯಲ್ಲಿ, "ಇವತ್ತ ಎತ್ತಿಬಿಡತಾರ" ಎಂದರು.

"ನಾಳೆ ಅಲ್ಲೇನ್ರಿ?"

"ಮ್ಯಾನೇಜರು ಭಾಳ ಕಾಲು ಬಿದ್ರು. ಮಂದಿ ಕೂಡೇತಿ, ಮಳಿ ಇಲ್ಲ, ಗಾಳಿ ಛಲೋ ಐತಿ. ಓಡುಮುಂದ ಹಗುರ ಅನಿಸಿದ್ರ ಮ್ಯಾಲ ಎತ್ತತೀನಿ ಅಂದಾರ ಕ್ಯಾಪ್ಟನ್ನರು."

ಆ ಮರಳಿನ ಭಾರ, ಸತ್ತ ಮುಳ್ಳು, ಕ್ಯಾಪ್ಟನ್. ಒಂದು ಗಳಿಗೆ, ಇದನ್ನೂ ಬರೆಯುತ್ತೇನೆ, ಒಂದು ಗಳಿಗೆ ನಾನು ಅವರನ್ನು ನೆನೆಯಲಿಲ್ಲ. ಹಗುರ ಅನ್ನಿಸದಿದ್ದರೆ ಎತ್ತುವುದಿಲ್ಲ, ಗೂಡು ಉಳಿಯುತ್ತದೆ ಎಂದು ನೆನೆದೆ. ಆಗ ವಿಮಾನ ಆ ತುದಿಯಲ್ಲಿ ತಿರುಗಿ ನನ್ನ ಕಡೆ ಮುಖ ಮಾಡಿತು.

ಹತ್ತಿರ ನಿಂತವನ ಕೈಯಿಂದ ಕೆಂಪು ಬಾವುಟ ಕಸಿದುಕೊಂಡು ಓಡಿದೆ. ಯಾರೋ ಅಂಗಿ ಹಿಡಿದೆಳೆದರು, ಹರಿಯಿತು. ಬಯಲಿನ ನಡುವೆ ಹೋಗಿ ಬಾವುಟ ಎತ್ತಿ ನಿಂತೆ. ವಿಮಾನ ಬರುತ್ತಿತ್ತು. ಬಾವುಟ ನೋಡಿದರೂ ಅವರಿಗೆ ಅರ್ಥವಾಗದು, ಈಗ ತಾನೇ ನಾನೇ ಎಲ್ಲಾ ಸರಿ ಎಂದಿದ್ದೇನಲ್ಲ. ಹಾರಲು ಅಣಿಯಾಗಿ ಬಾಲ ಎದ್ದದ್ದು ಕಂಡಿತು. ಕಣ್ಣು ಮುಚ್ಚಿಕೊಂಡೆ. ಸರಿಯಲಿಲ್ಲ. ಧೈರ್ಯದಿಂದಲ್ಲ, ಸರಿದರೆ ಅವರು ಹೋಗಿಬಿಡುತ್ತಾರೆಂದು.

ಸದ್ದು ಬದಲಾಯಿತು. ಗಾಳಿ ನನ್ನನ್ನು ಒತ್ತಿ ಕೆಡವಿತು. ಕಣ್ಣು ತೆರೆದಾಗ ವಿಮಾನ ನನ್ನ ಎಡಕ್ಕೆ ಅಡ್ಡ ತಿರುಗಿ ನಿಂತಿತ್ತು. ಒಂದು ಗಾಲಿ ಒಡೆದಿತ್ತು, ರೆಕ್ಕೆಯ ತುದಿ ನೆಲಕ್ಕೆ ಉಜ್ಜಿ ಮುರಿದಿತ್ತು. ಬಾಲದ ಬಾಗಿಲಿನಿಂದ ಸಿಂಗಟಾಲೂರಿನ ಮರಳು ಸುರಿಯುತ್ತಿತ್ತು.

ಕ್ಯಾಪ್ಟನ್ ಇಳಿದು ಬಂದರು. ಅವರಿಗೆ ಏನೂ ಆಗಿರಲಿಲ್ಲ. ಏಣಿ ತಂದು ಹತ್ತಿ, ತಂತಿ ಹಾಕಿ ಕೆರೆದೆ. ಮಣ್ಣಿನ ಮುಚ್ಚಳ ಕಳಚಿತು. ಅಂಗೈಗೆ ಕೆಸರಿನ ಪುಡಿ, ಎರಡು ಹಸಿರು ಹುಳು, ಆಮೇಲೆ ಒಂದು ಬಿಳಿಯ ಮರಿ ಬಿತ್ತು. ಮರಿ ಅಲ್ಲಾಡುತ್ತಿತ್ತು. ಅದನ್ನು ಅವರ ಮುಂದೆ ಹಿಡಿದೆ.

"ಎಷ್ಟು ದಿನದಿಂದ ಗೊತ್ತಿತ್ತು?" ಎಂದರು.

ಹೇಳಿದೆ. ಯಾಕೆ ಎಂದೂ ಹೇಳಿದೆ. ಮ್ಯಾನೇಜರು ನಡುವೆ ಬಂದು ಕೂಗಾಡುತ್ತಿದ್ದರು. ಕ್ಯಾಪ್ಟನ್ ಅವರಿಗೆ ಕೈ ಮಾಡಿ ಸುಮ್ಮನಿರಿಸಿದರು. ಆಮೇಲೆ ನನ್ನ ಮಣ್ಣಿನ ಕೈಯನ್ನು ಹಿಡಿದು ಕುಲುಕಿದರು.

"ಮುಂದ ಬಂದು ನಿಂತೆಲ್ಲ, ಅದಕ್ಕ ಇದು. ಇಷ್ಟ ದಿನಾ ಎಲ್ಲಾ ಸರಿ ಐತಿ ಅಂದೆಲ್ಲ, ಅದಕ್ಕ ಇನ್ನ ನನ್ನ ವಿಮಾನ ಮುಟ್ಟಬ್ಯಾಡ. ಮನಿಗೆ ಹೋಗು. ಹೇಣತಿ ಕಾಯ್ತಿರತಾಳ."

ಎರಡು ಮಾತೂ ಸರಿ ಇದ್ದವು. ಅದಕ್ಕೇ ಅಳು ಬಂತು. ಗಾಳೆಪ್ಪ ಸೈಕಲ್ ಹಿಡಿದು ರಸ್ತೆಯ ತನಕ ಬಂದ.

೯ ಅಕ್ಟೋಬರ್

ನಿನ್ನೆಯದನ್ನು ಪೂರ್ತಿ ಬರೆಯಲು ಆಗಿರಲಿಲ್ಲ.

ಮನೆ ಹತ್ತಿರ ಬಂದಂತೆ ಸೈಕಲ್ ಇಳಿದು ತಳ್ಳಿಕೊಂಡು ನಡೆದೆ. ಓಣಿಯಲ್ಲಿ ಅಳುವ ದನಿ ಕೇಳುತ್ತದೆಯೇ ಎಂದು ಕಿವಿಗೊಟ್ಟೆ. ಮಗ್ಗಗಳ ಸದ್ದು ಬಿಟ್ಟರೆ ಏನೂ ಇಲ್ಲ. ಒಳಗೆ ಹೋದರೆ ದ್ರಾಕ್ಷಾಯಣಿ ಗೋಡೆಗೆ ಒರಗಿ ಕೂತು ಅವಲಕ್ಕಿ ತಿನ್ನುತ್ತಿದ್ದಳು. ಸುಳ್ಳು ನೋವಂತೆ. ರಮಜಾನಬಿ ಬೈದು ಹೋಗಿದ್ದಳು.

ಅವಳ ಮುಂದೆ ಕುಸಿದು ಕೂತೆ. ಗೂಡು ಹೋಯಿತು ಎಂದೆ. ನಾನೇ ಕೆಡವಿದೆ ಎಂದೆ. ಮರಿ ಅಂಗೈಯಲ್ಲಿ ಅಲ್ಲಾಡಿದ್ದನ್ನೂ ಹೇಳಿದೆ. ಹೇಳಬಾರದಿತ್ತೇನೋ, ಬಾಯಿ ನಿಲ್ಲಲಿಲ್ಲ.

ಅವಳು ಅವಲಕ್ಕಿಯ ತಾಟು ಪಕ್ಕಕ್ಕಿಟ್ಟಳು. "ವಿಮಾನದಾಗ ಇದ್ದವರಿಗೆ ಏನೂ ಆಗಲಿಲ್ಲಲ್ಲ?" ಎಂದು ಮೊದಲು ಕೇಳಿದಳು.

"ಇಲ್ಲ."

"ಅವರಿಗೂ ಒಬ್ಬಾಕಿ ತಾಯಿ ಇದ್ದಾಳಲ್ರಿ. ಇಷ್ಟ ದಿನಾ ಯಾಕ ಇಟ್ಕೊಂಡ ಕುಂತಿದ್ರಿ ಅದನ್ನ?"

ನನಗೆ ಸಿಟ್ಟೇ ಬಂತು. "ನೀ ದಿನಾ ಕೇಳತಿದ್ದೆಲ್ಲ! ಐತೇನು ಐತೇನು ಅಂತ. ನೀ ಉಣ್ಣೂದ ಬಿಟ್ಟಿದ್ದಿ."

"ಮೊದಲ ಎರಡ ದಿನಾ ಖರೆ, ಭಾಳ ಹೆದರಿದ್ದೆ" ಎಂದಳು. "ಆಮ್ಯಾಲ ಕೂಸು ಒದೆಯಾಕತ್ತಿತು. ಒದಿಯೂದು ನನಗ ತಿಳೀತಿತ್ತು, ನಿಮಗ ತಿಳೀತಿರಲಿಲ್ಲ. ನೀವು ಒಳಗ ಬರೂಮುಂದ ಹೆಣದ ಮಾರಿ ಮಾಡ್ಕೊಂಡು ಬರತಿದ್ರಿ. ಐತಿ ಅಂತ ಹೇಳಿದ ಮ್ಯಾಲ ನಿಮ್ಮ ಮಾರಿ ಸಡ್ಲ ಆಗಿ, ನೀವು ಉಣ್ಣತಿದ್ರಿ. ಅದಕ್ಕ ಕೇಳತಿದ್ದೆ."

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

"ಆ ಕೊಳವಿಗೆ ಒಂದು ಚೀಲ ಹೊಲದ ಹಾಕಿದ್ರ ಹುಳ ಹೋಗತಿತ್ತೇನ್ರಿ?" ಎಂದಳು ದ್ರಾಕ್ಷಾಯಣಿ.

"ಹೋಗತಿರಲಿಲ್ಲ. ಮುಂಬೈಗೆ ಬರದಿದ್ದೆ."

"ಬೆಟಗೇರ್ಯಾಗ ಕುಂತು ಅರಿವಿಗೆ ಮುಂಬೈಗೆ ಬರದ್ರಿ?"

ಇಷ್ಟು ವರ್ಷದಲ್ಲಿ ಅವಳು ನನ್ನನ್ನು ಈ ಥರ ಹಂಗಿಸಿರಲಿಲ್ಲ. ಹಂಗಿಸಲಿ.

೧೨ ಅಕ್ಟೋಬರ್

ಮಗ್ಗಕ್ಕೆ ಕೂತೆ. ಕೈ ಮರೆತಿಲ್ಲ. ಮಧ್ಯಾಹ್ನ ಗಾಳೆಪ್ಪ ಬಂದಿದ್ದ. ಮೊನ್ನೆ ದ್ರಾಕ್ಷಾಯಣಿ ಸೀರೆಯ ಕೆಂಪು ಸೆರಗಿನ ತುಂಡಿನಿಂದ ಬೆರಳುಗಾತ್ರದ ಚೀಲ ಹೊಲಿದು, ಬಾಯಿಗೆ ಲಾಡಿ ಹಾಕಿ ಅವನ ಕೈಯಲ್ಲಿ ಕಳಿಸಿದ್ದಳು. ಕ್ಯಾಪ್ಟನ್ ಏನಂದರು ಎಂದು ನಾನು ಕೇಳಲಿಲ್ಲ, ಅವನೇ ಹೇಳಿದ.

"ಏನೂ ಅನ್ನಲಿಲ್ರಿ. ತಿರಿವಿ ತಿರಿವಿ ನೋಡಿದ್ರು. ಆಮ್ಯಾಲ ತಾವ ಏಣಿ ಹತ್ತಿ ಹಾಕಿದ್ರು. ಈಗ ಸುತ್ತ ತಿರುಗಿ ಎಲ್ಲಾನೂ ತಾವ ನೋಡತಾರ."

ರೆಕ್ಕೆ ರಿಪೇರಿಗೆ ಮುಂಬೈಯಿಂದ ಬಡಿಗೇರ ಬಂದಿದ್ದಾನಂತೆ. ಹೋಗುವಾಗ ಗಾಳೆಪ್ಪ ಹೊಸ್ತಿಲ ಬದಿಗೆ ಒಂದು ನಿಂಬೆಹಣ್ಣು ಇಟ್ಟು ನನ್ನ ಮುಖ ನೋಡಿದ. ಎತ್ತಿ ಅವ್ವನಿಗೆ ಕೊಟ್ಟೆ, ಸಾರಿಗೆ ಹಿಂಡಿದಳು.

೧೭ ಅಕ್ಟೋಬರ್

ಬೆಳಗಿನಿಂದ ನೋವು. ಈ ಸಲ ಸುಳ್ಳಲ್ಲ. ರಮಜಾನಬಿ ಬಂದು ಬಾಗಿಲು ಹಾಕಿಕೊಂಡಳು. ನಾನು ಮಗ್ಗದ ಕೋಣೆಯಲ್ಲಿ ಕೂತೆ, ಎದ್ದೆ, ಮತ್ತೆ ಕೂತೆ. ದ್ರಾಕ್ಷಾಯಣಿ ಕೂಗಿದಾಗಲೆಲ್ಲ ಲಾಳಿ ಕೈಯಿಂದ ಜಾರಿತು.

ಆಮೇಲೆ ಕೂಗು ನಿಂತಿತು. ಏನೂ ಸದ್ದಿಲ್ಲ. ಹಿಂದಿನ ಎರಡು ಸಲವೂ ಹೀಗೇ ಸದ್ದು ನಿಂತಿತ್ತು. ಎದ್ದು ಹೋಗಿ ಬಾಗಿಲಿಗೆ ಹಣೆ ಹಚ್ಚಿದೆ.

"ಎಲ್ಲಾ ಸರಿ ಐತೇನು?" ಎಂದು ಕೂಗಿದೆ.

ಒಳಗಿನಿಂದ ರಮಜಾನಬಿ ಗದರಿದಳು. "ತಡೀರಿ! ನೋಡಲಾರದ ಹೆಂಗ ಹೇಳಲಿ? ನೋಡಿ ಹೇಳತೀನಿ."

ನಿಂತೆ. ಕಿಟಕಿಯಾಚೆ ಎಲ್ಲೋ ಮಗ್ಗ ನಡೆಯುತ್ತಿತ್ತು. ಒಳಗೆ ನೀರಿನ ಸದ್ದಾಯಿತು. ಒಂದು ಸಣ್ಣ ಪೆಟ್ಟಿನ ಸದ್ದು. ಆಮೇಲೆ ಸಿಟ್ಟು ಬಂದವರ ಹಾಗೆ ಒಂದು ಅಳು ಎದ್ದಿತು.

ಆಗಲೂ ರಮಜಾನಬಿ ಹೇಳಲಿಲ್ಲ. ಕೈ ನೋಡಿದಳೋ, ಕಾಲು ನೋಡಿದಳೋ, ದ್ರಾಕ್ಷಾಯಣಿಯ ನಾಡಿ ನೋಡಿದಳೋ. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆದು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನನ್ನ ಮುಖ ನೋಡಿ ಹೇಳಿದಳು:

"ಹೆಣ್ಣುಕೂಸು. ತಾಯಿನೂ ಛಲೋ ಅದಾಳ. ಈಗ ಹೇಳತೀನಿ ನೋಡ್ರಿ, ಎಲ್ಲಾ ಸರಿ ಐತಿ."

ನಾನು ಹೊಸ್ತಿಲ ಮೇಲೆ ಕೂತು ಅತ್ತೆ.